ತುಕ್ಕು ಹಿಡಿದ ಹಳೇ ವೆಬ್ಲೆ ರಿವಾಲ್ವರ್ ಕೊಂಡು ಸರಿ ಮಾಡಿಸಬಹುದಾ?

ನೀವು ಕೇಳಿದ್ದು ಇಷ್ಟು. ಪುಣೆಯಲ್ಲಿ ಪರಿಚಯದವರ ಮನೆಯಲ್ಲಿ ಅಜ್ಜನ ಕಾಲದ, ಇಂಗ್ಲೆಂಡಿನ ವೆಬ್ಲೆ ಕಂಪನಿಯ ರಿವಾಲ್ವರ್ ಇದೆ. ವರ್ಷಗಟ್ಟಲೆ ಯಾರೂ ಮುಟ್ಟಿಲ್ಲ, ತುಕ್ಕು ಹಿಡಿದಿದೆ. ಕಡಿಮೆ ದುಡ್ಡಿಗೆ ಕೊಡ್ತಾರಂತೆ. ಕೊಂಡು ಮೊದಲಿನ ಹಾಗೆ ಮಾಡಿಸಬಹುದಾ ಅಂತ.

ಬೋರ್, ಅಂದರೆ ನಳಿಗೆಯ ಒಳಗಿನ ಅಳತೆ, .32 (ಇಂಚಿನ ಲೆಕ್ಕದಲ್ಲಿ) ಆಗಿರಬೇಕು. ಕಾಗದಪತ್ರ ಸರಿಯಿರಬೇಕು. ಬ್ಯಾರೆಲ್ ಒಳಗೆ ಚೆನ್ನಾಗಿರಬೇಕು. ಈ ಮೂರೂ ಇದ್ದರೆ ಖಂಡಿತ ಕೊಳ್ಳಿ. ಒಂದು ತಪ್ಪಿದರೂ ಬಿಟ್ಟುಬಿಡಿ. ನಾನಿರುವುದು ಪುಣೆಯ ಖಡ್ಕಿಯಲ್ಲಿ. ತಂದೆಯವರ .32 ವೆಬ್ಲೆ ಮಾರ್ಕ್ 4 (ಮಾರ್ಕ್ ಎಂದರೆ ಮಾಡೆಲ್) ಈಗ ನನ್ನ ಲೈಸೆನ್ಸ್‌ನಲ್ಲಿದೆ. ಈ ರಿವಾಲ್ವರ್ ಎಂದರೆ ನನಗೆ ಬಹಳ ಪ್ರೀತಿ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

"ಇದು ಆಂಟಿಕ್, ಕೆಟ್ಟು ಹೋಗಿದೆ, ಲೈಸೆನ್ಸ್ ಬೇಕಾಗಿಲ್ಲ" ಅಂತ ಮಾರುವವರು ಹೇಳಬಹುದು. ನಂಬಬೇಡಿ. 1959ರ ಆರ್ಮ್ಸ್ ಆಕ್ಟ್‌ನ 45ನೇ ಸೆಕ್ಷನ್‌ನಲ್ಲಿ ಹಳೇ ಕಾಲದ, ಕೆಟ್ಟುಹೋದ ಆಯುಧಗಳಿಗೆ ವಿನಾಯಿತಿ ಇರುವುದು ನಿಜ. ಆದರೆ ಅದಕ್ಕೊಂದು ಷರತ್ತು ಇದೆ. ರಿಪೇರಿ ಮಾಡಿದರೂ, ಮಾಡದಿದ್ದರೂ ಅದರಿಂದ ಗುಂಡು ಹಾರಿಸಲು ಆಗಲೇಬಾರದು. ಇದನ್ನು ಸರಿ ಮಾಡಿಸಬಹುದು ಅಂತ ನಿಮಗೇ ಅನ್ನಿಸಿದೆ ಅಲ್ವಾ? ಹಾಗಿದ್ದರೆ ಕಾನೂನಿನ ಲೆಕ್ಕದಲ್ಲಿ ಅದು ಪೂರ್ತಿ ಬಂದೂಕೇ. ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ ಈಗಿನ ಶಿಕ್ಷೆ ಕನಿಷ್ಠ 2 ವರ್ಷ ಜೈಲು.

1898ರ ಒಳಗೆ ತಯಾರಾದದ್ದಕ್ಕೆ ಲೈಸೆನ್ಸ್ ಬೇಡ ಅಂತ ಯೂಟ್ಯೂಬ್‌ನಲ್ಲಿ ಕೇಳಿರುತ್ತೀರಿ. ಅದು ಅಮೆರಿಕದ ನಿಯಮ. ಕೊಡಗಿನವರಿಗೆ ಲೈಸೆನ್ಸ್ ಬೇಡ ಅಲ್ವಾ ಅಂತ ನಮ್ಮವರು ಯಾರಾದರೂ ಕೇಳಿಯೇ ಕೇಳುತ್ತಾರೆ. ಆ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ಪಾರಂಪರಿಕ ಜಮೀನು) ಹಿಡುವಳಿದಾರರಿಗೆ ಮಾತ್ರ. ನೀವು ಅವರಲ್ಲದಿದ್ದರೆ ಅದರ ಮಾತೇ ಬೇಡ.

ಇನ್ನು ಬೋರ್. ಹೆಚ್ಚಿನ ಜನ ಎಡವುವುದು ಇಲ್ಲೇ. ವೆಬ್ಲೆ ಎಂದರೆ ಒಂದೇ ರಿವಾಲ್ವರ್ ಅಲ್ಲ. 1915ರಲ್ಲಿ ಬ್ರಿಟಿಷ್ ಸೈನ್ಯಕ್ಕೆ ಬಂದ ಮಾರ್ಕ್ 6, .455 ಬೋರ್‌ನದು. ಆಮೇಲಿನ ಮಾರ್ಕ್ 4 ಸೈನ್ಯಕ್ಕೆ ಹೋದದ್ದು .38ರಲ್ಲಿ. ನಮ್ಮ ಆರ್ಮ್ಸ್ ರೂಲ್ಸ್‌ನಲ್ಲಿ ಈ ಬೋರ್‌ನ ಹೆಸರು .380. ಈ ಎರಡೂ ಪ್ರೊಹಿಬಿಟೆಡ್ ಬೋರ್, ಅಂದರೆ ಸಾಮಾನ್ಯರಿಗೆ ನಿಷೇಧಿಸಿದ ಅಳತೆ. ನಮ್ಮ ನಿಮ್ಮಂಥವರಿಗೆ ಅದರ ಲೈಸೆನ್ಸ್ ಸಿಗುವುದು ಕನಸಿನ ಮಾತು. ಅದೇ ಮಾರ್ಕ್ 4 ಅನ್ನು ಕಂಪನಿ .32ರಲ್ಲೂ ಮಾಡಿತ್ತು. ಅದಾದರೆ ಸಾಮಾನ್ಯ ಲೈಸೆನ್ಸ್‌ನಲ್ಲಿ ಬರುತ್ತದೆ. ನೋಡಲು ಎರಡೂ ಅಣ್ಣತಮ್ಮಂದಿರಂತೆ ಇರುತ್ತವೆ. ಅದಕ್ಕೇ ಬಾಯಿಮಾತು ಕೇಳಬೇಡಿ, ಲೋಹದ ಮೇಲೆ ಹೊಡೆದ ಗುರುತನ್ನೇ ಓದಿ. ಬಾಣದ ಗುರುತು ಕಂಡರೆ ಅದು ಬ್ರಿಟಿಷ್ ಸೈನ್ಯದ ಸೊತ್ತಾಗಿತ್ತು ಎಂದರ್ಥ. ಆಗ ಇನ್ನೂ ಜಾಸ್ತಿ ಎಚ್ಚರ ಬೇಕು.

ಕಾಗದಪತ್ರದ ವಿಷಯ. ಅಜ್ಜ ಇದ್ದಾರಾ, ಇಲ್ಲವಾ? ಇದನ್ನು ನೀವು ಬರೆದಿಲ್ಲ. ಅವರು ತೀರಿಕೊಂಡಿದ್ದರೆ ಲೈಸೆನ್ಸೂ ಅವರ ಜೊತೆಗೇ ಮುಗಿಯಿತು. ಮನೆಯವರು ಅದನ್ನು ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರುವ ಗನ್ ಡೀಲರ್ ಹತ್ತಿರವೋ ಜಮಾ ಮಾಡಬೇಕಿತ್ತು. ಮಾಡದೆ ಕಪಾಟಿನಲ್ಲಿಟ್ಟಿದ್ದರೆ ಅವರೇ ಕಷ್ಟದಲ್ಲಿದ್ದಾರೆ. ನೀವು ಕೈಗೆ ತೆಗೆದುಕೊಂಡ ಗಳಿಗೆಯಿಂದ ನೀವೂ. ಅವರಿಗೆ ಒಳ್ಳೆಯದಾಗಲಿ ಅಂತಿದ್ದರೆ ಮೊದಲು ಒಬ್ಬ ವಕೀಲರನ್ನು ನೋಡಲು ಹೇಳಿ. ಆಮೇಲೆ ಜಮಾ ಮಾಡಿ ರಸೀದಿ ಪಡೆಯಲಿ. ಡ್ರಾಯರ್‌ನಲ್ಲಿ ಹಳೇ ಗುಂಡುಗಳಿದ್ದರೆ ಅವಕ್ಕೂ ಇದೇ ಮಾತು. ನೀವಂತೂ ಅದನ್ನು ಸ್ಕೂಟರ್ ಡಿಕ್ಕಿಯಲ್ಲಿ ಹಾಕಿಕೊಂಡು ತೋರಿಸಲು ಹೊರಡಬೇಡಿ.

ಲೈಸೆನ್ಸ್ ಚಾಲ್ತಿಯಲ್ಲಿರುವವರೇ ಮಾರುತ್ತಿದ್ದರೆ ದಾರಿ ನೇರ. ಪುಣೆಯಲ್ಲಿ ಲೈಸೆನ್ಸ್ ಕೊಡುವುದು ಪೊಲೀಸ್ ಕಮಿಷನರ್ ಕಚೇರಿ. ನಿಮ್ಮ ಲೈಸೆನ್ಸ್‌ನಲ್ಲಿ ರಿವಾಲ್ವರ್‌ಗೆ ಅನುಮತಿ ಇರಬೇಕು. 2019ರ ತಿದ್ದುಪಡಿ ನಂತರ ಒಬ್ಬರ ಹತ್ತಿರ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ. ಮಾರುವವರು ಪೊಲೀಸರಿಗೆ ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕು. ಅಡ್ವಾನ್ಸ್ ಕೊಡುವ ಅವಸರ ಬೇಡ.

ಇಷ್ಟೆಲ್ಲ ಸರಿಹೋದ ಮೇಲೆ ವಸ್ತು ನೋಡೋಣ. ಮಾಲೀಕರ ಎದುರಿಗೇ ನೋಡಿ. ಎಷ್ಟೇ ತುಕ್ಕು ಹಿಡಿದಿರಲಿ, ಒಳಗೆ ಗುಂಡು ಇದೆ ಎಂದೇ ತಿಳಿದು ಮುಟ್ಟಿ. ಎಡಗಡೆಯ ಚಿಕ್ಕ ಲಿವರನ್ನು ಹೆಬ್ಬೆರಳಿನಿಂದ ಒತ್ತಿದರೆ ಬ್ಯಾರೆಲ್ ಮುಂದಕ್ಕೆ ಬಾಗುತ್ತದೆ. ಗುಂಡು ತುಂಬುವ ಸಿಲಿಂಡರ್‌ನ ಮಧ್ಯದಿಂದ ನಕ್ಷತ್ರದಂಥ ತುಂಡೊಂದು ಮೇಲೆದ್ದು, ಪೂರ್ತಿ ತೆರೆದಾಗ ಟಕ್ ಅಂತ ಕೆಳಗಿಳಿಯುತ್ತದೆ. ಖಾಲಿ ಕಾಟ್ರಿಜ್‌ಗಳನ್ನು ಹೊರಹಾಕುವುದು ಅದೇ. ಅಲ್ಲಿ ಸಿಕ್ಕಿಹಾಕಿಕೊಂಡರೂ ಚಿಂತೆಯಿಲ್ಲ, ಒಣಗಿದ ಎಣ್ಣೆ ಗಟ್ಟಿಯಾಗಿರಬಹುದು. ಮುಚ್ಚಿದ ಮೇಲೆ ಬ್ಯಾರೆಲ್ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಕೀಲಿನ ಹತ್ತಿರ ಅಥವಾ ಮೇಲಿನ ಕೊಂಡಿಯಲ್ಲಿ ಲೊಡಲೊಡ ಅಂದರೆ ಸವೆದಿದೆ ಅಂತ. ಇದು ತುಕ್ಕಿಗಿಂತ ದೊಡ್ಡ ರೋಗ.

ಬ್ಯಾರೆಲ್ ತೆರೆದಿರುವಾಗಲೇ ಹಿಂದಿನ ತುದಿಗೆ ಬಿಳಿ ಕಾಗದ ಹಿಡಿದು, ಬೆಳಕು ಬೀಳುವಂತೆ ಮಾಡಿ ಮುಂದಿನಿಂದ ನೋಡಿ. ಒಳಗಿನ ಸುರುಳಿ ಗೆರೆಗಳು ಚೂಪಾಗಿ ಕಾಣಬೇಕು. ಸುಮ್ನೆ ಕಂದು ಬಣ್ಣ ಕಂಡರೆ ಹೋಗಿಸಬಹುದು. ಸಿಡುಬಿನ ಕಲೆಯಂಥ ಗುಂಡಿಗಳಿದ್ದರೆ ಯಾವ ಕಾರಿಗರನಿಂದಲೂ ಆಗದು. ಸಿಲಿಂಡರ್‌ನ ತೂತುಗಳಲ್ಲೂ ಹಾಗೇ ನೋಡಿ. ಎಲ್ಲಾದರೂ ಕೂದಲೆಳೆಯಷ್ಟು ಬಿರುಕು ಕಂಡರೂ ವಾಪಸ್ ಕೊಟ್ಟುಬಿಡಿ.

ರಿಪೇರಿ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಹೊಳೆಯಿಸಬೇಡಿ. ಪಾಲಿಶ್ ಚಕ್ರಕ್ಕೆ ಹಿಡಿದು ಹೊಸ ಬಣ್ಣ ಹಾಕಿಸಿದರೆ ಅಂಚುಗಳು ಸವೆಯುತ್ತವೆ, ಬರ್ಮಿಂಗ್‌ಹ್ಯಾಮ್‌ನಲ್ಲಿ ಪರೀಕ್ಷೆ ಮಾಡಿ ಹೊಡೆದ ಕಿರೀಟದ ಮುದ್ರೆಗಳು ಅಳಿಯುತ್ತವೆ. ಆ ವಸ್ತುವಿನ ಚರಿತ್ರೆಯೇ ಹೋಯಿತು. ಜೊತೆಗೆ ನಂಬರ್ ಅಳಿಸಿದರೆ 8ನೇ ಸೆಕ್ಷನ್ ಪ್ರಕಾರ ಅಪರಾಧ. ಎಣ್ಣೆಯಲ್ಲಿ ನೆನೆಸಿ, ತಾಳ್ಮೆಯಿಂದ ಒರೆಸಿ, ಇರುವುದನ್ನು ಉಳಿಸಿಕೊಳ್ಳುವುದೇ ಒಳ್ಳೆಯ ಕೆಲಸ. ಒಳಗಿನ ಸ್ಪ್ರಿಂಗ್, ಹ್ಯಾಮರ್ ಏನೇ ಇದ್ದರೂ ರಿಪೇರಿ ಲೈಸೆನ್ಸ್ ಇರುವವರ ಹತ್ತಿರವೇ ಹೋಗಬೇಕು. ಪುಣೆ ಪಕ್ಕದ ಭೋಸರಿಯಲ್ಲಿ ಎಂಥ ಪಾರ್ಟ್ ಬೇಕಾದರೂ ಮಾಡಿಕೊಡುವ ವರ್ಕ್‌ಶಾಪ್‌ಗಳಿವೆ, ಗೊತ್ತು. ಅಲ್ಲಿಗೆ ಒಯ್ಯಬೇಡಿ. ಲೈಸೆನ್ಸ್ ಇಲ್ಲದೆ ಬಂದೂಕು ತಯಾರಿಸಿದರೆ, ರಿಪೇರಿ ಮಾಡಿದರೆ 7 ವರ್ಷದಿಂದ ಜೀವಾವಧಿವರೆಗೆ ಶಿಕ್ಷೆ ಇದೆ. ಪಾಪ, ಆ ಮೆಕ್ಯಾನಿಕ್ ಸಿಕ್ಕಿಬೀಳುತ್ತಾನೆ. ಬಿಡಿಭಾಗವೂ ಕಾನೂನಿನಲ್ಲಿ ಆಯುಧವೇ. ಹೊರದೇಶದಿಂದ ಕೊರಿಯರ್‌ನಲ್ಲಿ ತರಿಸುವ ಯೋಚನೆ ಬೇಡ.

ಅಂದಹಾಗೆ, ಅದರ ಜೊತೆ ಚರ್ಮದ ಚೀಲ ಬಂದರೆ ರಿವಾಲ್ವರನ್ನು ಅದರಲ್ಲಿ ಇಡಬೇಡಿ. ಚರ್ಮ ತೇವ ಹೀರಿಕೊಳ್ಳುತ್ತದೆ. ಪುಣೆಯ ಒಂದು ಮಳೆಗಾಲ ಸಾಕು, ಚೀಲ ತಾಗಿದ ಕಡೆಯೆಲ್ಲ ತುಕ್ಕು ಏಳುತ್ತದೆ. ಮುಂಬೈ, ಗೋವಾ ಆದರೆ ಕೇಳಲೇಬೇಡಿ.

ಬೆಲೆಯ ಬಗ್ಗೆ ಒಂದು ಮಾತು. 1980ರ ದಶಕದಿಂದ ಸಾಮಾನ್ಯ ಜನ ಹೊರಗಿನಿಂದ ರಿವಾಲ್ವರ್ ತರಿಸುವಂತಿಲ್ಲ. ಅದಕ್ಕೇ ಇಲ್ಲಿ ಹಳೇ .32 ವೆಬ್ಲೆಗೆ ಅಷ್ಟು ಬೆಲೆ. ಹೀಗಿರುವಾಗ ಯಾರೋ ಅಗ್ಗಕ್ಕೆ ಕೊಡುತ್ತಾರೆ ಎಂದರೆ ಬೋರ್ ಅಥವಾ ಕಾಗದ, ಎರಡರಲ್ಲೊಂದು ಸರಿಯಿಲ್ಲ ಎಂದೇ ನನಗೆ ಅನುಮಾನ. ಮೊದಲು ಲೈಸೆನ್ಸ್ ಪುಸ್ತಕ ತೋರಿಸಲು ಹೇಳಿ. ಯಾರ ಹೆಸರಿದೆ, ಯುಐಎನ್ (ಪ್ರತಿ ಲೈಸೆನ್ಸ್‌ದಾರರಿಗೂ ಕೊಡುವ ವಿಶಿಷ್ಟ ಗುರುತಿನ ಸಂಖ್ಯೆ) ಇದೆಯಾ, ಬೋರ್ ಏನು ಬರೆದಿದೆ, ಯಾವ ತಾರೀಖಿನವರೆಗೆ ಇದೆ ಅಂತ ನೋಡಿ. ಪುಸ್ತಕವೇ ಇಲ್ಲ ಅಂದರೆ ರಿವಾಲ್ವರ್ ನೋಡಲೂ ಹೋಗಬೇಡಿ.