ರೂಮ್‌ಮೇಟ್‌ಗೆ ಎಚ್‌ಐವಿ ಇದೆಯಂತೆ. ಕಾರವಾರದ ನಮ್ಮ ಕಾಲೇಜ್ ಹಾಸ್ಟೆಲ್ ವಾರ್ಡನ್‌ಗೆ ತಿಳಿಸಬೇಕಾ?

ಬೇಡ. ಅವನು ನಿಮ್ಮನ್ನು ನಂಬಿ ಹೇಳಿದ್ದಾನೆ, ಆ ಮಾತು ನಿಮ್ಮಲ್ಲೇ ಇರಲಿ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಎಚ್‌ಐವಿ ಇದೆ ಎಂದು ಯಾರನ್ನೂ ಕಾಲೇಜಿನಿಂದಾಗಲಿ ಹಾಸ್ಟೆಲ್‌ನಿಂದಾಗಲಿ ಹೊರಹಾಕುವಂತಿಲ್ಲ. 100 ಅಥವಾ ಹೆಚ್ಚು ಜನರಿರುವ ಸಂಸ್ಥೆ ಇದಕ್ಕಾಗಿಯೇ ದೂರು ಅಧಿಕಾರಿಯನ್ನು ನೇಮಿಸಬೇಕು.

ಒಂದೇ ತಟ್ಟೆಯಲ್ಲಿ ಮೀನು ಸಾರು ಅನ್ನ ಉಂಡರೂ, ಒಂದೇ ಬಾತ್‌ರೂಮ್ ಬಳಸಿದರೂ, ಸೊಳ್ಳೆ ಕಚ್ಚಿದರೂ ಅಂಟುವುದಿಲ್ಲ. ರೇಜರ್ ಮಾತ್ರ ಬೇರೆ ಇರಲಿ. ಅದು ಯಾರ ಜೊತೆಗೂ ಹಂಚಿಕೊಳ್ಳುವಂಥದ್ದಲ್ಲ. ದಿನಾ ಮಾತ್ರೆ ತಗೊಂಡು, ವೈರಸ್ ಪರೀಕ್ಷೆಯಲ್ಲಿ ಕಾಣದಷ್ಟು ಕಡಿಮೆಯಾಗಿ ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದಲೂ ಹರಡುವುದಿಲ್ಲ.

ಹಾಗಾಗಿ ಮಾತ್ರೆ ತಪ್ಪದಂತೆ ಜೊತೆಗಿರುವುದೇ ದೊಡ್ಡ ಸಹಾಯ. ಎಚ್‌ಐವಿಗೆ ಚಿಕಿತ್ಸೆ ಕೊಡುವ ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಮಾತ್ರೆ ಉಚಿತ. ಶಿರಸಿಯಿಂದಲೋ ಭಟ್ಕಳದಿಂದಲೋ ಓದಲು ಬಂದವರು ಚಿಕಿತ್ಸೆಯನ್ನು ಹತ್ತಿರದ ಕೇಂದ್ರಕ್ಕೆ ವರ್ಗಾಯಿಸಿಕೊಳ್ಳಬಹುದು. ಗುರುತಿನವರು ನೋಡ್ತಾರೆ ಎಂಬ ಅಳುಕು ನಮ್ಮಂಥ ಸಣ್ಣ ಊರಲ್ಲಿ ಜಾಸ್ತಿ, ಅಲ್ವಾ? ಅವನು ಒಪ್ಪಿದರೆ ನೀವೂ ಜೊತೆಗೆ ಹೋಗಿ. ಏನೇ ಅನುಮಾನವಿದ್ದರೂ ಎಚ್‌ಐವಿ ಸಹಾಯವಾಣಿ 1097ಕ್ಕೆ ಉಚಿತವಾಗಿ ಕರೆ ಮಾಡಬಹುದು.