ಇಬ್ಬರಿಗೂ ‘ನಿಮಗೆ ಮಾತ್ರ’ ಅಂತ ಬರೆದುಕೊಟ್ಟಿದ್ದೆ

ನಿಮ್ಮ ಜೇನು ತಮಗೆ ಮಾತ್ರ ಬೇಕು ಅಂತ ಮಡಿಕೇರಿಯ ಅಂಗಡಿಯವರೂ ಆನ್‌ಲೈನ್‌ನವರೂ ಕೇಳುತ್ತಿದ್ದಾರೆ, ಯಾರಿಗೆ ಸಹಿ ಹಾಕಲಿ ಅಂದಿದ್ದೀರಿ. ಸ್ವಲ್ಪ ತಡೆಯಿರಿ.

ನಮ್ಮದು ಸುಂಟಿಕೊಪ್ಪದ ಹತ್ತಿರ ಸಣ್ಣ ತೋಟ. ಅರೇಬಿಕಾ ಕಾಫಿ ಬೀಜ ಹುರಿದು, ಪುಡಿ ಮಾಡಿ ಮಾರುತ್ತೇವೆ. ಮೊದಲು ಮಡಿಕೇರಿಯ ಒಂದು ಅಂಗಡಿಯವರು ಬಂದರು. ‘ನಮ್ಮಲ್ಲಿ ಮಾತ್ರ ಸಿಗುತ್ತದೆ’ ಅಂತ ಬೋರ್ಡ್ ಹಾಕುತ್ತೇವೆ ಅಂದರು. ಖುಷಿಯಲ್ಲಿ ಸಹಿ ಹಾಕಿದೆ. ಮೂರು ತಿಂಗಳಿಗೆ ಆನ್‌ಲೈನ್‌ನವರು ಬಂದರು. ಅವರ ಕಾಗದದಲ್ಲೂ ‘ಎಕ್ಸ್‌ಕ್ಲೂಸಿವ್’. ಅಂಗಡಿ ವ್ಯಾಪಾರ ಬೇರೆ, ಫೋನಿನ ವ್ಯಾಪಾರ ಬೇರೆ ಅಂದುಕೊಂಡು ಅಲ್ಲೂ ಸಹಿ ಹಾಕಿದೆ.

ನಾನು ಕೆಟ್ಟದ್ದು ಆ ‘ಮಾತ್ರ’ದಲ್ಲಿ. ಯಾವ ಊರಲ್ಲಿ ಮಾತ್ರ, ಯಾವ ಪ್ಯಾಕೆಟ್ ಮಾತ್ರ, ಎಷ್ಟು ದಿನ ಮಾತ್ರ? ಒಂದನ್ನೂ ಕೇಳಲಿಲ್ಲ. ಅಂಗಡಿಯವರ ಲೆಕ್ಕದಲ್ಲಿ ಬೇರೆ ಎಲ್ಲೂ ಸಿಗಬಾರದು. ಆನ್‌ಲೈನ್‌ನವರ ಲೆಕ್ಕದಲ್ಲಿ ಮನೆಗೆ ತಲುಪಿಸುವ ವ್ಯಾಪಾರವೆಲ್ಲ ಅವರದು. ಆದರೆ ಅಂಗಡಿಯವರು ಪ್ರವಾಸಿಗರಿಂದ ವಾಟ್ಸಾಪ್‌ನಲ್ಲಿ ಆರ್ಡರ್ ತೆಗೆದುಕೊಂಡು ಬೆಂಗಳೂರಿಗೆ ಕೊರಿಯರ್ ಮಾಡುತ್ತಿದ್ದರು. ಅದು ನನಗೆ ಗೊತ್ತಿತ್ತು! ಗೊತ್ತಿದ್ದೂ ಹೊಳೆಯಲಿಲ್ಲ.

ಒಂದು ದಿನ ಗಿರಾಕಿಯೊಬ್ಬರು ಆ ಬೋರ್ಡ್ ಎದುರೇ ಫೋನ್ ತೆಗೆದು, ಅದೇ ಪ್ಯಾಕೆಟ್ 40 ರೂಪಾಯಿ ಕಡಿಮೆಗೆ ಸಿಗುತ್ತಿರುವುದನ್ನು ತೋರಿಸಿದರಂತೆ. ಆ ರಿಯಾಯಿತಿ ಕೊಟ್ಟದ್ದು ನಾನಲ್ಲ. ಆದರೂ ಸಂಜೆಗೆ ಮಾಲು ವಾಪಸ್. ಕೊರಿಯರ್ ವಿಷಯ ತಿಳಿದು ಆನ್‌ಲೈನ್‌ನವರೂ ಕೈಬಿಟ್ಟರು. ಜೂನ್ ತಿಂಗಳು, ಬಿಡದೆ ಮಳೆ, ಮನೆಯಲ್ಲಿ 180 ಪ್ಯಾಕೆಟ್. ಪುಡಿ ಮಾಡಿದ ಕಾಫಿಯ ಘಮ ಜಾಸ್ತಿ ದಿನ ಉಳಿಯುವುದಿಲ್ಲ, ಅಲ್ವಾ?

ಹಾಗಾಗಿ ಯಾರಿಗೆ ಅನ್ನುವ ಪ್ರಶ್ನೆಯೇ ಸರಿಯಿಲ್ಲ. ನಿಮ್ಮ ಜೇನಿನ ಹೆಸರನ್ನೇ ಯಾರಿಗೂ ಬರೆದುಕೊಡಬೇಡಿ. ಒಂದು ಅಳತೆಯ ಬಾಟಲಿಯನ್ನು ಬೇಕಾದರೆ ಕೊಡಿ. ನಾನು ಈಗ ಇನ್ನೊಂದು ಅಂಗಡಿಗೆ ಚಿಕೋರಿ ಬೆರೆಸಿದ ಫಿಲ್ಟರ್ ಪುಡಿ, ಆನ್‌ಲೈನ್‌ಗೆ ಹುರಿದ ಬೀಜ ಕೊಡುತ್ತೇನೆ. ಲೇಬಲ್ಲೂ ಬೇರೆ ಬೇರೆ. ಒಪ್ಪಂದ ಆರೇ ತಿಂಗಳು. ತಿಂಗಳಿಗೆ ಇಷ್ಟು ಕೊಳ್ಳುತ್ತೇವೆ ಅಂತ ಬರೆದುಕೊಡದವರ ಹತ್ತಿರ ‘ಮಾತ್ರ’ದ ಮಾತೇ ಎತ್ತಬೇಡಿ.

ವಿದೇಶಿ ಬಂಡವಾಳ ಇರುವ ಆನ್‌ಲೈನ್ ಮಾರುಕಟ್ಟೆಗಳು ‘ನಮ್ಮಲ್ಲಿ ಮಾತ್ರ ಮಾರಿ’ ಅಂತ ಕಡ್ಡಾಯ ಮಾಡುವಂತಿಲ್ಲ. 2019ರ ಫೆಬ್ರವರಿ 1ರಿಂದ ಕೇಂದ್ರದ ನಿಯಮ ಇದೆ. ಆದರೆ ನೀವಾಗಿಯೇ ಒಪ್ಪಿ ಸಹಿ ಹಾಕಿದರೆ ಅದನ್ನು ಕಡ್ಡಾಯ ಅಂತ ಹೇಗೆ ವಾದಿಸುತ್ತೀರಿ?

ನಿಮ್ಮ ಅಂಗಡಿಯವರು ಕೊರಿಯರ್ ಮಾಡುತ್ತಾರಾ? ಇವತ್ತೇ ಹೋಗಿ ಕೇಳಿ.