ಫೋನ್ ಬಾರದ ದಿನವೂ ಡ್ಯೂಟಿಯೇ, ಸುಬೇದಾರರೇ

ಓದುಗರ ಪತ್ರ: "ನನ್ನ ಮಗ ವಿಮಾನ ಕಂಪನಿಯೊಂದರಲ್ಲಿ ಕೋ-ಪೈಲಟ್. ಬೇಸ್, ಅಂದರೆ ಡ್ಯೂಟಿ ಶುರುವಾಗುವ ಊರು, ದೆಹಲಿ. ತಿಂಗಳಿಗೆ ಎಂಟು ಹತ್ತು ದಿನ ಸ್ಟ್ಯಾಂಡ್‌ಬೈ ಹಾಕುತ್ತಾರೆ, ಅಂದರೆ ಕರೆದರೆ ಹಾರಲು ಸಿದ್ಧವಾಗಿ ಕಾಯುವ ಡ್ಯೂಟಿ. ಅದರಲ್ಲಿ ಅರ್ಧ ದಿನ ಫೋನೇ ಬರುವುದಿಲ್ಲ. ಸುಮ್ಮನೆ ಕೂರುವುದಕ್ಕೆ ಅಲ್ಲಿ ಬಾಡಿಗೆ ಬೇರೆ. ಇಲ್ಲಿ ಕಾಫಿ ಕೊಯ್ಲಿಗೆ ಜನ ಸಿಗುತ್ತಿಲ್ಲ, ಸೊಸೆ ಒಬ್ಬಳೇ ಒದ್ದಾಡುತ್ತಾಳೆ. ಫೋನ್ ಬಂದ ಮೇಲೆ ಮನೆಯಿಂದ ಹೊರಟರೆ ಆಗದೇ? ಅದಾಗದಿದ್ದರೆ ಡ್ಯೂಟಿಯ ದಿನವೇ ನಸುಕಿನಲ್ಲಿ ಎದ್ದು ಹೋಗಬಹುದಲ್ಲ? ನೀವು ಈ ಬಗ್ಗೆ ಬರೆಯಬೇಕು." — ನಿವೃತ್ತ ಸುಬೇದಾರರು, ವಿರಾಜಪೇಟೆ ತಾಲೂಕು

ಸಂಪಾದಕರ ಉತ್ತರ:

ಸುಬೇದಾರರೇ, ನಿಮ್ಮ ಮೊದಲ ಪ್ರಶ್ನೆಗೆ ಉತ್ತರ "ಆಗದು". ಎರಡನೆಯದಕ್ಕೆ "ಆಗುತ್ತದೆ, ಆದರೆ ದಯವಿಟ್ಟು ಬೇಡ". ಇಷ್ಟು ಹೇಳಿದ ಮೇಲೆ ನಿಮ್ಮ ಮಗನ ಪರವಾಗಿಯೇ ಜಗಳಕ್ಕೆ ನಿಲ್ಲುವವನು ನಾನು, ಹಾಗಾಗಿ ಪತ್ರಿಕೆ ಮಡಚಿ ಇಡಬೇಡಿ.

ಕಂಪನಿಯ ಮಾತನ್ನು ಮೊದಲು ಮುಗಿಸಿಬಿಡೋಣ, ಅದಕ್ಕೆ ಒಂದು ಪ್ಯಾರಾ ಸಾಕು. ಯಾರಿಗೋ ಜ್ವರ ಬರುತ್ತದೆ, ಡಿಸೆಂಬರ್ ಜನವರಿಯಲ್ಲಿ ದೆಹಲಿಗೆ ಮಂಜು ಕವಿಯುತ್ತದೆ, ತಡವಾದ ವಿಮಾನದ ಪೈಲಟ್‌ಗೆ ದಿನದ ಡ್ಯೂಟಿ ಮಿತಿ ಮುಗಿದುಹೋಗುತ್ತದೆ. ಆಗ ಇನ್ನೊಬ್ಬರು ಸಮವಸ್ತ್ರ ಹಾಕಿಕೊಂಡು ಬರಲೇಬೇಕು. ಮೀಸಲು ಜನ ಇಲ್ಲದೆ ವಿಮಾನ ಕಂಪನಿ ನಡೆಯದು. ಒಪ್ಪಿದೆ.

ಇನ್ನು ನಿಮ್ಮ ಮಗನ ವಿಷಯ. ಸ್ಟ್ಯಾಂಡ್‌ಬೈ ಅಂದರೆ ಒಂದೇ ತರಹದ್ದಲ್ಲ. ವಿಮಾನ ನಿಲ್ದಾಣದಲ್ಲೇ ಬ್ಯಾಗು ಪಕ್ಕದಲ್ಲಿಟ್ಟುಕೊಂಡು ಕೂರುವುದು ಒಂದು. ಮನೆಯಲ್ಲೋ ಹೋಟೆಲಿನಲ್ಲೋ ಇದ್ದು, ಪೈಲಟ್‌ಗಳಿಗೆ ಡ್ಯೂಟಿ ಹಂಚುವ ಕ್ರೂ ಕಂಟ್ರೋಲ್‌ನವರು ಕರೆದರೆ ಒಂದೂವರೆ ಎರಡು ಗಂಟೆಯೊಳಗೆ, ಅಂದರೆ ಅವರವರ ಕಂಪನಿಯ ಕೈಪಿಡಿಯಲ್ಲಿ ಎಷ್ಟಿದೆಯೋ ಅಷ್ಟರೊಳಗೆ, ಹಾಜರಾಗುವುದು ಇನ್ನೊಂದು. ಅಮೆರಿಕದಲ್ಲಿ ಮೂರನೆಯದೂ ಇದೆ. ಅದನ್ನು ಲಾಂಗ್ ಕಾಲ್ ಅನ್ನುತ್ತಾರೆ. ಹಾಜರಾಗುವ ಮೊದಲು ಹತ್ತು ಗಂಟೆ ವಿಶ್ರಾಂತಿ ಸಿಗುವಷ್ಟು ಮುಂಚೆ ಪೈಲಟ್‌ಗೆ ತಿಳಿಸಲೇಬೇಕು. ದೂರದ ಊರಿನಲ್ಲಿ ಸಂಸಾರ ಇಟ್ಟುಕೊಂಡವನು ಮನೆಯಲ್ಲಿದ್ದೇ ಕಾಯುವುದಿದ್ದರೆ ಅಂಥದರಲ್ಲಿ ಮಾತ್ರ ಸಾಧ್ಯ. ನಿಮ್ಮ ಮಗನದು ಎರಡನೆಯ ಜಾತಿಯದು. ವಿರಾಜಪೇಟೆಯಿಂದ ದೆಹಲಿಗೆ ಎರಡು ಗಂಟೆಯಲ್ಲಿ ತಲುಪುವ ದಾರಿ ಯಾರೂ ಕಂಡುಹಿಡಿದಿಲ್ಲ. ಅದು ಹಾಗಿರಲಿ, ಮೊದಲು ಕರೆ ತಲುಪಬೇಕಲ್ಲ? ಜುಲೈಯಲ್ಲಿ ಒಂದು ಮರ ಲೈನಿನ ಮೇಲೆ ಬಿದ್ದರೆ ಕರೆಂಟ್ ಮೂರು ದಿನಕ್ಕೆ ಬರುತ್ತದೋ ನಾಲ್ಕಕ್ಕೋ. ಟವರಿನ ಬ್ಯಾಟರಿ ಅಷ್ಟು ಹೊತ್ತು ಬಾಳುವುದಿಲ್ಲ. ತೋಟದ ತಗ್ಗಿನಲ್ಲಿ ಮಾತಾಡಬೇಕೆಂದರೆ ಕಣದ ಮೂಲೆಯ ಆ ಒಂದೇ ಜಾಗಕ್ಕೆ ಬಂದು ನಿಲ್ಲಬೇಕು ಎಂಬುದು ನನಗಿಂತ ನಿಮಗೆ ಗೊತ್ತು. ಸ್ಟ್ಯಾಂಡ್‌ಬೈಯಲ್ಲಿ ಫೋನ್ ಸಿಗದಿದ್ದರೆ ಅದು ಗೈರುಹಾಜರಿಯ ಲೆಕ್ಕಕ್ಕೆ ಹೋಗುತ್ತದೆ.

"ಸುಮ್ಮನೆ ಕೂರುವುದು" ಎಂದು ಬರೆದಿದ್ದೀರಿ. ಈ ಮಾತು ಬೇರೆ ಯಾರಾದರೂ ಬರೆದಿದ್ದರೆ ಬಿಟ್ಟುಬಿಡುತ್ತಿದ್ದೆ. ಸೇನೆಯಲ್ಲಿದ್ದ ನೀವು ಬರೆಯಬಾರದಿತ್ತು. ಮಡಿಕೇರಿಯಲ್ಲಿ ಯಾರ ಹೆಸರಿನ ವೃತ್ತ ದಾಟಿ ಬಸ್ಸಿಗೆ ಹೋಗುತ್ತೀರಿ? ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರು 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ದಾಳಿಗೆ ಹೊರಟ ಹನ್ನೆರಡು ಮಿಸ್ಟೇರ್ ವಿಮಾನಗಳ ಮೂಲ ಪಟ್ಟಿಯಲ್ಲಿರಲಿಲ್ಲ. ಅವರು ಮೀಸಲು. ಒಂದು ವಿಮಾನ ಹಿಂದುಳಿದಿದ್ದರಿಂದ ಆ ಜಾಗಕ್ಕೆ ಹೋದರು, ತಮ್ಮದಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನಿ ಯುದ್ಧವಿಮಾನ ಸ್ಟಾರ್‌ಫೈಟರ್ ಒಂದನ್ನು ಉರುಳಿಸಿದರು, ಹಿಂತಿರುಗಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ, ಇಪ್ಪತ್ತಮೂರು ವರ್ಷ ಕಳೆದು. ಅವತ್ತು ಎಲ್ಲ ವಿಮಾನಗಳೂ ಸರಿಯಾಗಿ ಹೊರಟಿದ್ದರೆ ಅವರದೂ "ಸುಮ್ಮನೆ ಕೂತ" ದಿನವೇ ಆಗುತ್ತಿತ್ತಲ್ಲ.

ಇನ್ನು ಆ ನಸುಕಿನ ಪ್ರಯಾಣ. ಸೋಮವಾರ ಬೆಳಗಿನ ಜಾವ ನಾಲ್ಕಕ್ಕೆ ದೆಹಲಿಯಲ್ಲಿ ಸ್ಟ್ಯಾಂಡ್‌ಬೈ ಶುರು ಅಂದುಕೊಳ್ಳಿ. ಹಿಂದಿನಿಂದ ಲೆಕ್ಕ ಹಾಕುತ್ತಾ ಬನ್ನಿ. ಏಳೂವರೆ ಗಂಟೆ ನಿದ್ದೆ ಬೇಕಾದರೆ ಭಾನುವಾರ ರಾತ್ರಿ ಎಂಟಕ್ಕೆ ದೀಪ ಆರಬೇಕು. ರೂಮು ಸೇರಿ ಊಟ ಮಾಡಲು ಏಳಾದರೂ ಆಗಬೇಡವೇ? ಅಂದರೆ ವಿಮಾನ ದೆಹಲಿಯಲ್ಲಿ ಆರರೊಳಗೆ ಇಳಿಯಬೇಕು. ಬೆಂಗಳೂರಿನಿಂದ ಹೆಚ್ಚುಕಮ್ಮಿ ಎರಡೂಮುಕ್ಕಾಲು ಗಂಟೆಯ ಹಾರಾಟ, ಹಾಗಾಗಿ ಮೂರರ ವಿಮಾನವೇ ಕೊನೆಯದು. ಆದರೆ ಇವನು ಹೋಗುವುದು ಸ್ಟಾಫ್ ಟಿಕೆಟ್ಟಿನಲ್ಲಿ. ದುಡ್ಡು ಕೊಟ್ಟ ಪ್ರಯಾಣಿಕರೆಲ್ಲ ಹತ್ತಿ ಸೀಟು ಉಳಿದರೆ ಇವನಿಗೆ, ಇಲ್ಲವಾದರೆ ಕೌಂಟರಿನ ಹುಡುಗಿ "ಸಾರಿ ಕ್ಯಾಪ್ಟನ್, ಲೋಡ್ ಫುಲ್" ಅನ್ನುತ್ತಾಳೆ. ಆದ್ದರಿಂದ ಒಂದು ವಿಮಾನ ಕೈಕೊಟ್ಟರೂ ಮುಂದಿನದು ಹೊತ್ತಿಗೆ ಸರಿಯಾಗಿ ತಲುಪಿಸುವಂತಿರಬೇಕು. ಬಲ್ಲವರು ಯಾರೂ ಕೊನೆಯ ವಿಮಾನವನ್ನು ಮೊದಲ ಆಯ್ಕೆ ಮಾಡಿಕೊಳ್ಳುವುದಿಲ್ಲ. ಹಾಗಾಗಿ ಒಂದು ಗಂಟೆಯ ವಿಮಾನಕ್ಕೆ ಪ್ರಯತ್ನ, ಹನ್ನೆರಡಕ್ಕೆ ನಿಲ್ದಾಣದಲ್ಲಿ. ವಿರಾಜಪೇಟೆಯಿಂದ ಕೆಂಪೇಗೌಡ ನಿಲ್ದಾಣಕ್ಕೆ ಮುನ್ನೂರು ಕಿ.ಮೀ. ಹತ್ತಿರ. ತಿತಿಮತಿಯಲ್ಲಿ ಆನೆ ಅಡ್ಡ ನಿಲ್ಲುವುದು, ಬೆಂಗಳೂರು ದಾಟುವುದು ಎಲ್ಲ ಸೇರಿ ಏಳು ಗಂಟೆ. ಭಾನುವಾರ ಬೆಳಿಗ್ಗೆ ಐದಕ್ಕೆ ಮನೆ ಬಿಟ್ಟರೆ ಸೋಮವಾರ ನಾಲ್ಕರ ಡ್ಯೂಟಿಗೆ ನಿದ್ದೆ ಮಾಡಿ ಎದ್ದವನಾಗಿ ಸಿಗುತ್ತಾನೆ. ಇಪ್ಪತ್ತಮೂರು ಗಂಟೆ ಮುಂಚೆ!

ಮಾಕುಟ್ಟ ಘಾಟಿ ಇಳಿದರೆ ಕಣ್ಣೂರು ವಿಮಾನ ನಿಲ್ದಾಣ ಅರವತ್ತೇ ಕಿ.ಮೀ. ಎಂದು ನೀವು ಹೇಳಬಹುದು. ನಿಜ, 2018ರ ಡಿಸೆಂಬರಿನಲ್ಲಿ ಅದು ತೆರೆದ ಮೇಲೆ ದಕ್ಷಿಣ ಕೊಡಗಿನವರಿಗೆ ದೊಡ್ಡ ಅನುಕೂಲವಾಗಿದೆ. ಆದರೆ ಸ್ಟಾಫ್ ಟಿಕೆಟ್ಟಿನವನಿಗೆ ದೂರಕ್ಕಿಂತ ಮುಖ್ಯವಾದದ್ದು ದಿನಕ್ಕೆ ಎಷ್ಟು ವಿಮಾನ ಎಂಬುದು. ಹತ್ತು ವಿಮಾನ ಇರುವ ದೂರದ ನಿಲ್ದಾಣ, ಒಂದು ವಿಮಾನ ಇರುವ ಹತ್ತಿರದ ನಿಲ್ದಾಣಕ್ಕಿಂತ ಮೇಲು. ಮಳೆಗಾಲದಲ್ಲಿ ಮಾಕುಟ್ಟದಲ್ಲಿ ಮಣ್ಣು ಜರಿದರೆ ಅದೂ ಇಲ್ಲ.

ಈಗ ನೀವು ಹೇಳಿದ ಹಾಗೆ ಅದೇ ದಿನ ಹೊರಟ ಅನ್ನಿ. ಸ್ಟ್ಯಾಂಡ್‌ಬೈ ಮಧ್ಯಾಹ್ನ ಎರಡಕ್ಕೆ. ಮೂರಕ್ಕೆ ಎದ್ದ, ಘಾಟಿ ಇಳಿದ, ಹೇಗೋ ಸೀಟು ಸಿಕ್ಕಿತು, ಒಂದಕ್ಕೆ ದೆಹಲಿ. ಸಂಜೆ ಆರಕ್ಕೆ ಕರೆ, ಏಳೂವರೆಗೆ ಹಾಜರು, ಎರಡು ಹಾರಾಟ. ಕೊನೆಯ ಲ್ಯಾಂಡಿಂಗ್ ರಾತ್ರಿ ಒಂದೂವರೆಗೆ. ಎಚ್ಚರವಾಗಿ ಇಪ್ಪತ್ತೆರಡೂವರೆ ಗಂಟೆ ಆಯಿತು. ಕಾಗದದ ಮೇಲೆ ಮಾತ್ರ ಅವನ ಡ್ಯೂಟಿ ಆರು ಗಂಟೆಯದು, ಎಲ್ಲ ಕಾನೂನುಬದ್ಧ. ಹದಿನೇಳು ಗಂಟೆ ನಿದ್ದೆಗೆಟ್ಟವನ ಕೈ-ಕಣ್ಣಿನ ಚುರುಕು ರಕ್ತದಲ್ಲಿ ಶೇ 0.05 ಮದ್ಯ ಇದ್ದವನ ಮಟ್ಟಕ್ಕೆ ಇಳಿಯುತ್ತದೆ ಎಂದು ಆಸ್ಟ್ರೇಲಿಯಾದ ಸಂಶೋಧಕರು 1997ರಲ್ಲೇ ತೋರಿಸಿದ್ದಾರೆ. ನಮ್ಮಲ್ಲಿ ಜೀಪು ಓಡಿಸುವವನಿಗೆ ಇರುವ ಮಿತಿ ಶೇ 0.03. ಪೈಲಟ್ ಕುಡಿದಿದ್ದಾನೋ ಎಂದು ಊದಿಸಿ ನೋಡುವ ಯಂತ್ರ ಇದೆ, ಮಲಗಿದ್ದಾನೋ ಎಂದು ನೋಡುವ ಯಂತ್ರ ಇಲ್ಲ.

ನಿದ್ದೆಯ ಮಾತಿಗೆ ನಮ್ಮ ಕಡೆಯವರು ಮಂಗಳೂರನ್ನು ಮರೆಯುವಂತಿಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈ ವಿಮಾನ ಬಜಪೆಯ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ಹೋದರು. ಕ್ಯಾಪ್ಟನ್ ದಾರಿಯಲ್ಲಿ ಒಂದೂವರೆ ಗಂಟೆಗೂ ಹೆಚ್ಚು ನಿದ್ದೆ ಹೋಗಿದ್ದರು, ಗೊರಕೆ ರೆಕಾರ್ಡ್ ಆಗಿತ್ತು. ಎದ್ದ ಹೊಸತರಲ್ಲಿ ತಲೆಗೆ ಇರುವ ಮಂಪರು ತೀರ್ಮಾನ ಕೆಡಿಸಿರಬಹುದು ಎಂದು ವಿಚಾರಣಾ ವರದಿ ಹೇಳಿತು. ಅದು ದೂರದ ಊರಿಂದ ಬಂದು ಹಾರಿಸಿದ ಪ್ರಕರಣವಲ್ಲ, ಒಪ್ಪುತ್ತೇನೆ. ಆ ಜಾತಿಯದು ಬೇಕಿದ್ದರೆ 2009ರ ಫೆಬ್ರುವರಿ 12, ಅಮೆರಿಕದ ಬಫಲೊ. ಐವತ್ತು ಸಾವು. ಬೇಸ್ ನ್ಯೂವರ್ಕ್. ಕ್ಯಾಪ್ಟನ್ ಮನೆ ಫ್ಲಾರಿಡಾದಲ್ಲಿ. ಇಪ್ಪತ್ತನಾಲ್ಕು ವರ್ಷದ ಕೋ-ಪೈಲಟ್ ಹುಡುಗಿ ಸಿಯಾಟಲ್‌ನಿಂದ ರಾತ್ರಿಯಿಡೀ ಸರಕು ವಿಮಾನಗಳಲ್ಲಿ, ನಡುವೆ ಮೆಂಫಿಸ್‌ನಲ್ಲಿ ಬದಲಿಸಿ, ದೇಶದ ಆ ತುದಿಯಿಂದ ಈ ತುದಿಗೆ ಬಂದಿದ್ದಳು. ಅಪಘಾತಕ್ಕೆ ಮುಖ್ಯ ಕಾರಣ ಕ್ಯಾಪ್ಟನ್ ತಪ್ಪಾಗಿ ಕೈಯಾಡಿಸಿದ್ದು. ದಣಿವೂ ಇದ್ದಿರಬೇಕು, ಎಷ್ಟು ಪಾಲು ಎಂದು ಹೇಳಲಾಗದು ಎಂದರು ತನಿಖೆಯವರು. ಮುಂದೆ 2011ರಲ್ಲಿ ಅಲ್ಲಿನ ವಿಜ್ಞಾನಿಗಳ ಸಮಿತಿಯೊಂದು ಇಷ್ಟು ಕಿಲೋಮೀಟರ್ ಎಂದು ನಿಯಮ ಮಾಡುವಷ್ಟು ಮಾಹಿತಿ ಇಲ್ಲ ಎಂದು ಹೇಳಿ, ಪೈಲಟ್‌ಗಳಿಗೆ ಎರಡು ಅಳತೆ ಕೊಟ್ಟಿತು. ಹಾಜರಾಗುವ ಮೊದಲು ಕನಿಷ್ಠ ಆರು ಗಂಟೆ ನಿದ್ದೆ; ಡ್ಯೂಟಿ ಮುಗಿಯುವ ಹೊತ್ತಿಗೆ ಎದ್ದು ಹದಿನಾರು ಗಂಟೆ ಮೀರದಂತೆ ಪ್ರಯಾಣದ ಯೋಜನೆ. ಈ ಎರಡನ್ನು ಬರೆದು ನಿಮ್ಮ ಮಗನ ಅಡುಗೆಮನೆಯ ಗೋಡೆಗೆ ಅಂಟಿಸಿ.

ಬಾಡಿಗೆ ಉಳಿಸುವ ದಾರಿ ಬೇಕಲ್ಲವೇ? ಪೈಲಟ್‌ಗಳು ಆರೇಳು ಜನ ಸೇರಿ ನಿಲ್ದಾಣದ ಹತ್ತಿರ ಫ್ಲ್ಯಾಟ್ ಹಿಡಿಯುತ್ತಾರೆ. ಅದಕ್ಕೆ ಕ್ರ್ಯಾಶ್‌ಪ್ಯಾಡ್ ಎಂದು ಹೆಸರು. ಸೊಸೆ ಕೇಳಿ ಗಾಬರಿಯಾದರೆ, ಧೊಪ್ಪನೆ ಬಿದ್ದು ಮಲಗುವ ಜಾಗ ಎಂದಷ್ಟೇ ಅರ್ಥ ಎನ್ನಿ. ಅಲ್ಲಿ ಹಾಸಿಗೆ ಎರಡು ತರಹ. ಯಾರು ಬಂದರೆ ಅವರಿಗೆ ಎನ್ನುವುದು ಅಗ್ಗ. ನಿಮ್ಮದೇ ಎಂದು ಬಿಟ್ಟಿರುವುದು ತುಸು ದುಬಾರಿ. ಸ್ಟ್ಯಾಂಡ್‌ಬೈಯವನು ಎರಡನೆಯದನ್ನೇ ಹಿಡಿಯಬೇಕು, ಹಗಲು ಹನ್ನೊಂದಕ್ಕೆ ಮಲಗಬೇಕಾದಾಗ ಹಾಸಿಗೆಯಲ್ಲಿ ಇನ್ನೊಬ್ಬ ಇರಬಾರದು. ಕಿಟಕಿಗೆ ಕಪ್ಪು ದಪ್ಪ ಪರದೆ, ಕಿವಿಗೆ ಬಿರಡೆ, ಬೇರೆ ಬೇರೆ ಕಂಪನಿಯ ಎರಡು ಸಿಮ್, ಇಸ್ತ್ರಿ ಮಾಡಿದ ಒಂದು ಜೊತೆ ಸಮವಸ್ತ್ರ ಯಾವಾಗಲೂ ಅಲ್ಲೇ. ಲೈಸೆನ್ಸ್, ಮೆಡಿಕಲ್, ನಿಲ್ದಾಣದ ಪಾಸು ಮಾತ್ರ ಮೈಮೇಲೆ. ಊರಿನ ಮೇಜಿನ ಮೇಲೆ ಪಾಸು ಮರೆತು ಹೋದರೆ ಪೂರ್ತಿ ಪ್ರಯಾಣ ದಂಡ.

ಇನ್ನೊಂದು, ಮುಲಾಜಿಲ್ಲದೆ ಹೇಳುತ್ತೇನೆ. ಹಾರಾಟಕ್ಕೆ ಹನ್ನೆರಡು ಗಂಟೆ ಮೊದಲಿನಿಂದ ಒಂದು ಹನಿ ಮದ್ಯವೂ ಇಲ್ಲ ಎಂಬುದು ನಮ್ಮ ದೇಶದ ನಿಯಮ. ಯಂತ್ರ ಒಮ್ಮೆ ಹೌದು ಎಂದರೆ ಲೈಸೆನ್ಸ್ ಮೂರು ತಿಂಗಳು ಅಮಾನತು. ಕೈಲ್‌ಪೊಳ್ದ್‌ಗೆ, ಪುತ್ತರಿಗೆ ಬಂದವನಿಗೆ ಚಿಕ್ಕಪ್ಪ ಮಾವಂದಿರು "ಒಂದು ಪೆಗ್ಗು, ನಾಳೆ ತಾನೇ ಡ್ಯೂಟಿ" ಎಂದು ಕೈಗಿಡುವುದು ನಮ್ಮಲ್ಲಿ ಪ್ರೀತಿ. ಆ ಪ್ರೀತಿಯನ್ನು ಪಂದಿಕರಿ ಕಡಂಬಿಟ್ಟಿಗೆ ಸೀಮಿತಗೊಳಿಸುವ ಕೆಲಸ ಮನೆಯ ಹಿರಿಯರಾದ ನಿಮ್ಮದು.

ಈಗ ಜಗಳದ ಮಾತು. ಕಂಪನಿಯೇ ಒಬ್ಬ ಪೈಲಟ್‌ನನ್ನು ಬೆಂಗಳೂರಿನಿಂದ ದೆಹಲಿಗೆ ಪ್ರಯಾಣಿಕನಾಗಿ ಕಳಿಸಿದರೆ ಆ ಹೊತ್ತು ಡ್ಯೂಟಿ. ಅದೇ ವಿಮಾನದ ಪಕ್ಕದ ಸೀಟಿನಲ್ಲಿ ನಿಮ್ಮ ಮಗ ಮನೆಯಿಂದ ಬಂದು ಕೂತರೆ ಅದು ಅವನ ಸ್ವಂತ ಸಂಚಾರ, ಕಾಗದದಲ್ಲಿ ವಿಶ್ರಾಂತಿಯ ಹೊತ್ತು. ಹೊಸ ನಿಯಮದಲ್ಲಿ ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸಿದ್ದಾರೆ, ಒಳ್ಳೆಯದು. ಹೋಗಲು ಹನ್ನೆರಡು, ಬರಲು ಹನ್ನೆರಡು ಕಳೆದರೆ ಕೊಡಗಿನವನಿಗೆ ಉಳಿಯುವುದು ಇಪ್ಪತ್ತನಾಲ್ಕು. ಅದರಲ್ಲಿ ಮಗುವಿನ ಮುಖ ನೋಡುವುದೋ, ತೋಟಕ್ಕೆ ಹೋಗುವುದೋ, ಮಲಗುವುದೋ? ಆ 48 ಗಂಟೆ ಕೊಡುವುದಕ್ಕೂ ಎಷ್ಟು ಗೋಳಾಡಿದರು ನೋಡಿದಿರಿ. 2025ರ ಡಿಸೆಂಬರಿನಲ್ಲಿ ಸಾವಿರಾರು ವಿಮಾನ ರದ್ದಾದವು. ನಿಯಮ ಬರುತ್ತದೆ ಎಂದು 2024ರ ಜನವರಿಯಿಂದಲೇ ಗೊತ್ತಿದ್ದರೂ ಕಂಪನಿಯವರು ತಕ್ಕಷ್ಟು ಪೈಲಟ್‌ಗಳನ್ನು ಇಟ್ಟುಕೊಂಡಿರಲಿಲ್ಲ. ಕೊನೆಗೆ ಸಡಿಲಿಕೆ ಸಿಕ್ಕಿದ್ದು ಯಾರಿಗೆ? ಬೇಸ್ ಬದಲಾವಣೆ ಕೇಳಿದರೆ ಸೀನಿಯಾರಿಟಿ ಅನ್ನುತ್ತಾರೆ, ಲಾಂಗ್ ಕಾಲ್ ಕೇಳಿದರೆ ಮಾತೇ ಇಲ್ಲ.

ಪೈಲಟ್ ಒಬ್ಬನದೇ ಅಲ್ಲ ಈ ಕಥೆ. ಮಳೆಗಾಲದ ರಾತ್ರಿ ಸೆಕ್ಷನ್ ಆಫೀಸಿನಲ್ಲಿ ಒದ್ದೆ ಜರ್ಕಿನ್ ಹಾಕಿಕೊಂಡು ಕಾಯುವ ಲೈನ್‌ಮ್ಯಾನ್, 108ರ ಚಾಲಕ, ಆನೆ ಓಡಿಸಲು ಕರೆ ಬಂದೀತೆಂದು ಪಟಾಕಿ ಜೋಡಿಸಿಟ್ಟುಕೊಂಡ ಅರಣ್ಯದ ಹುಡುಗರು, ಯಾರ ಕಾಯುವಿಕೆಗೂ ನಮ್ಮಲ್ಲಿ ಲೆಕ್ಕಪುಸ್ತಕದಲ್ಲಿ ಕಾಲಂ ಇಲ್ಲ. ಏನೂ ಆಗದ ರಾತ್ರಿ ಅವರು ದಂಡ, ಏನಾದರೂ ಆದ ರಾತ್ರಿ ಹತ್ತು ನಿಮಿಷ ತಡ. ಇನ್ನು ಜಿಲ್ಲೆಗೆ ಒಂದು ರೈಲು ನಿಲ್ದಾಣ ಇಲ್ಲ, ಕುಶಾಲನಗರದ ರೈಲು ಮಾತಿನಲ್ಲೇ ಓಡುತ್ತಿದೆ. ಆ ಪುರಾಣ ಬೇಡ ಬಿಡಿ, ಪುಟ ಸಾಲದು.

ಮಗನಿಗೆ ಹೇಳಿ: ಮುಂದಿನ ತಿಂಗಳ ರೋಸ್ಟರ್‌ಗೆ ಬಿಡ್ ಹಾಕುವಾಗ, ಅಂದರೆ ಡ್ಯೂಟಿ ಪಟ್ಟಿಗೆ ತನಗೆ ಬೇಕಾದದ್ದನ್ನು ತಿಳಿಸುವಾಗ, ಸ್ಟ್ಯಾಂಡ್‌ಬೈಗಳು ಚದುರದೆ ಒಟ್ಟಿಗೆ ಬರುವಂತೆ ಕೇಳಲಿ, ಮೊದಲ ದಿನದ್ದು ಮಧ್ಯಾಹ್ನದ ನಂತರದ್ದಾಗಿರಲಿ. ಎರಡು ಸಲ ಓಡಾಡುವುದು ಒಂದಾಗುತ್ತದೆ. ದಣಿವಿದ್ದ ದಿನ ದಣಿವಿನ ವರದಿ ಬರೆದೇ ಕೊಡಲಿ, ಈಗ ಕಂಪನಿಗಳು ಅವುಗಳ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ವಿಮಾನಯಾನ ನಿಯಂತ್ರಕರಾದ ಡಿಜಿಸಿಎಗೆ ಒಪ್ಪಿಸಬೇಕು. ಅರೇಬಿಕಾ ಹಣ್ಣಾಗುವ ವಾರಕ್ಕೆ ರಜೆಯನ್ನು ಈಗಲೇ ಹಾಕಲಿ, ಸ್ಟ್ಯಾಂಡ್‌ಬೈ ನಂಬಿಕೊಂಡು ಕುಕ್ಕೆ ಕಟ್ಟುವುದು ಬೇಡ. ರೊಬಸ್ಟಾ ಹೊತ್ತಿಗೆ ಜನ ಸಿಗದಿದ್ದರೆ ಇನ್ನೊಂದು ಪತ್ರ ಬರೆಯಿರಿ.